ತಳದಲ್ಲಿ ಸಿಹಿ ನೀರು

ಅಕ್ಟೋಬರ್ 17, ಶುಕ್ರವಾರ. ದೋಣಿಯಲ್ಲೇ.

ನಾಳೆ ಬೆಳಿಗ್ಗೆ ಹಾಯಿ ಬಿಚ್ಚಿ ಸಮುದ್ರಕ್ಕೆ ಹೊರಡಬೇಕು, ಇವತ್ತು ನೋಡಿದರೆ ನೆಲದ ಹಲಗೆಯ ಕೆಳಗೆ ನೀರು. ಎಂಜಿನ್ ತಣಿಸಲು ಹೊರಗಿನ ನೀರು ಎಳೆದುಕೊಳ್ಳುವ ತಳದ ತೂತಿನ ವಾಲ್ವ್ ಬದಲಾಯಿಸಿದವಳು ನಾನೇ. "ಅದೊಂದನ್ನ ನಂಗೆ ಬಿಡಮ್ಮ" ಎಂದು ಮೆಕ್ಯಾನಿಕ್ ಬಡಿದುಕೊಂಡಿದ್ದ. ನಾನೆಲ್ಲಿ ಕೇಳುತ್ತೇನೆ.

ಬೆರಳು ಅದ್ದಿ ನೆಕ್ಕಿದೆ. ಉಪ್ಪಾಗಿದ್ದರೆ ಸಮುದ್ರದ್ದು, ಸಿಹಿಯಾಗಿದ್ದರೆ ನಮ್ಮದೇ ಕುಡಿಯುವ ನೀರಿನ ಟ್ಯಾಂಕಿನದು. ಸಿಹಿಯಾಗಿತ್ತು! "ನೋಡಿದ್ಯಾ, ಸುಮ್ಸುಮ್ನೆ ಜೀವ ತಿಂತೀಯ ಕಣೇ" ಎಂದು ಅಣ್ಣ ನಕ್ಕು, ಮುಸುಕೆಳೆದು ಮಲಗಿಬಿಟ್ಟ. ನನಗೂ ಹೋದ ಜೀವ ಬಂದಂತಾಯಿತು.

ಆದರೂ ನಿದ್ದೆ ಹತ್ತಲಿಲ್ಲ. ಎದ್ದು ಟ್ಯಾಂಕ್ ನೋಡಿದೆ. ಸಂಜೆ ಕಂಠದವರೆಗೆ ತುಂಬಿಸಿದ್ದು ಹಾಗೇ ಇದೆ, ಒಂದು ಲೋಟವೂ ಕಡಿಮೆಯಾಗಿಲ್ಲ. ಆಗ ಹೊಳೆಯಿತು. ನಾವು ಲಂಗರು ಹಾಕಿರುವುದು ನದಿ ಸಮುದ್ರ ಸೇರುವ ಅಳಿವೆಯಲ್ಲಿ. ಮೇಲೆಲ್ಲೋ ಮಳೆಯಾಗಿ ನದಿ ತುಂಬಿ ಬಂದಿದೆ. ಬಕೆಟ್ ಇಳಿಬಿಟ್ಟು ಹೊರಗಿನ ನೀರು ಎತ್ತಿ ಬಾಯಿಗೆ ಬಿಟ್ಟುಕೊಂಡೆ.

ಅದೂ ಸಿಹಿ.

ಬಕೆಟ್ ಕೆಳಗಿಟ್ಟೆ. ಆಮೇಲೆ ತಳವನ್ನೆಲ್ಲ ಬಟ್ಟೆಯಿಂದ ಒರೆಸಿ, ಹಲಗೆ ಮುಚ್ಚಿದೆ. ಮತ್ತೆ ನೀರು ಬಂದರೆ ಮಾತ್ರ ಅಣ್ಣನನ್ನು ಎಬ್ಬಿಸೋಣ, ಅಲ್ಲಿಯವರೆಗೆ ಇದನ್ನು ಬರೆಯುತ್ತಾ ಕೂರೋಣ ಎಂದುಕೊಂಡೆ.

ಅಂಗಾಲು ತಣ್ಣಗಾಗುತ್ತಿದೆ. ಹೆದರಿದರೆ ನನಗೆ ಯಾವಾಗಲೂ ಹೀಗಾಗುತ್ತದೆ. ಹೆದರಿಕೆಗೇ ಇರಬೇಕು. ಟಾರ್ಚ್ ಮಡಿಲಲ್ಲೇ ಇದೆ. ಒಂದು ಸಲ ಕಾಲಿನ ಕಡೆ ಬಿಟ್ಟು ನೋಡಿದರೆ ಸಾಕು, ಒಂದೇ ಸಲ