ಜಂಜುಮ್ಯರು ತಮ್ಮನ್ನು ಏನೆಂದುಕೊಂಡಿದ್ದರು

೧೪-೮-೧೯೭೯, ಮಂಗಳವಾರ. ಜಗಳೂರು.

ಆ ಹೆಸರು ತಲೆಯಿಂದ ಇಳಿಯುತ್ತಿಲ್ಲ. ಜಂಜುಮ್ಯರು. ಸಂತೆಯಲ್ಲಿ ಕೊಂಡ ಕಿರುಹೊತ್ತಿಗೆಯಲ್ಲಿತ್ತು: ಯೆಹೂದ್ಯರ ಧರ್ಮಗ್ರಂಥದಲ್ಲಿ ಒಂದೇ ಕಡೆ ಬರುವ ಕುಲ. ಅವರನ್ನು ಓಡಿಸಿ ಆ ನೆಲದಲ್ಲಿ ಕೂತ ಅಮ್ಮೋನಿಯರು ಇಟ್ಟ ಹೆಸರು. ಅರ್ಥ ಖಚಿತವಿಲ್ಲ, ಗೊಣಗುವವರು ಎಂದಿರಬಹುದಂತೆ, ಮಾತು ತಿಳಿಯದವರ ಕಿವಿಗೆ ಹಾಗೆ ಕೇಳಿಸಿದ್ದಕ್ಕೆ. ಓಡಿಸಿದವರೇ ಹೆಸರನ್ನೂ ಇಟ್ಟರು. ಆ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ, ಯಾರೂ ಬರೆದಿಡಲಿಲ್ಲ. ಭಾನುವಾರದ ಸಭೆಯ ನನ್ನ ಭಾಷಣದಲ್ಲಿ ಇದನ್ನೇ ಗುಡುಗಬೇಕೆಂದಿದ್ದೆ.

ಇವತ್ತು ಬಿಳಿಚೋಡಿನಲ್ಲಿ ಅಜ್ಜಿಯ ತಂಗಿಯನ್ನು ಮಣ್ಣು ಮಾಡಿ ಬಂದೆವು. ನಮ್ಮ ಮನೆಮಾತು ಉಳಿದಿದ್ದು ಅವರಿಬ್ಬರ ಬಾಯಲ್ಲಿ ಮಾತ್ರ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಜ್ಜಿ ಅದರಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ನನ್ನ ಕಿವಿಗೆ ಬಿದ್ದದ್ದು ಬರೀ ಗೊಣಗಾಟ.

"ಏನಜ್ಜಿ ಅದು?"

"ಬಿಡಪ್ಪ, ನಿಂಗೆ ತಿಳಿಯಲ್ಲ. ಕೇಳಾಕೆ ಇದ್ದೋಳು ಮಣ್ಣಿಗೆ ಹೋದ್ಲು."

"ನಂಗೂ ಕಲ್ಸು."

"ಕಲ್ತು ಯಾರ ಕೂಡೆ ಮಾತಾಡ್ತೀಯೋ, ಭಾಷಣದೋನೆ?"

ನಿನ್ನ ಜೊತೆ ಎನ್ನಬಹುದಿತ್ತು. ಊರು ಬಂದು ಇಳಿಯುವವರೆಗೂ ಅದು ಹೊಳೆಯಲಿಲ್ಲ. ಈಗ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಎಬ್ಬಿಸಿ ಹೇಳೋಣವೆಂದರೆ, ಯಾವ ಮಾತಿನಲ್ಲಿ?