ಕೊನೆಯ ಪುಟದ ತಿದ್ದುಪಡಿ

ತಮ್ಮಾ,

ಎದ್ದವನೇ ನಲ್ಲಿ ತಿರುಗಿಸಬೇಡ. ಅಮ್ಮನ ಟೀಗೂ ಹೂಜಿಯಲ್ಲಿರುವ ಮೊನ್ನೆಯ ನೀರನ್ನೇ ಬಳಸು.

ನಿನ್ನ ಹೊಸ ಕಥೆ ಓದಿದೆ. ಯಾವಾಗಲೂ ನಿನ್ನ ಕಥೆಗಳಲ್ಲಿ ವಿಜ್ಞಾನದ ತಪ್ಪು ಹುಡುಕುವುದು ನನ್ನ ಕೆಲಸ ತಾನೇ. ಈ ಸಲ ನಿನ್ನ ಕಾಲೆಳೆಯೋಣವೆಂದು, ಕಥೆಯಲ್ಲಿ ಬರುವ ವಿಷ ಪತ್ತೆಯ ಪರೀಕ್ಷೆಯನ್ನೇ ಲ್ಯಾಬಿನಲ್ಲಿ ನಮ್ಮ ನಲ್ಲಿ ನೀರಿಗೆ ಮಾಡಿ ನೋಡಿದೆ. ನೀನು ಬರೆದ ಹಾಗೇ ನೀಲಿಗೆ ತಿರುಗಿತು.

ಸಾಹೇಬರಿಗೆ ಹೇಳಿದರೆ, "ನೀವೂ ಕಥೆ ಬರೆಯೋಕೆ ಶುರು ಮಾಡಿದ್ರಾ?" ಅಂತ ನಕ್ಕರು. ಅದಕ್ಕೇ ನೀರು ನಿಲ್ಲಿಸೋಕೆ ನಾನೇ ಪಂಪ್‌ಹೌಸಿಗೆ ಹೊರಟಿದ್ದೇನೆ.

ಪಕ್ಕದ ಮನೆಯವರಿಗೂ ಹೇಳು. ನಂಬದಿದ್ದರೆ ಜಗಳವಾಡಿಯಾದರೂ ನಂಬಿಸು.

ಕಥೆಯಲ್ಲಿ ತಪ್ಪೇನೂ ಸಿಗಲಿಲ್ಲ. ಆದರೆ ಕೊನೆಯ ಪುಟದಲ್ಲಿ, ಪಂಪ್‌ಹೌಸಿಗೆ ಹೋದವಳು ವಾಪಸ್ ಬರಲಿಲ್ಲ ಅಂತ ಬರೆದಿದ್ದೀಯಲ್ಲ, ಅದೊಂದನ್ನು ಈಗಲೇ ತಿದ್ದು.

ಅಕ್ಕ