ನಾಲಿಗೆಯ ಕೆಳಗೆ

ಅಕ್ಟೋಬರ್ ೯, ಗುರುವಾರ

ಮಗಳಿಗೆ ಬೆವರಿ ಜ್ವರ ಇಳಿದಿದೆ, ಮಲಗಿದ್ದಾಳೆ. ನನಗೆ ನಿದ್ದೆಯಿಲ್ಲ.

ಬೆಳಿಗ್ಗೆ ಅವಳ ರಕ್ತ ನೋಡಿದ ನಮ್ಮ ಆಸ್ಪತ್ರೆಯ ಲ್ಯಾಬಿನವನು, "ಮಲೇರಿಯಾ, ಸಿಸ್ಟರ್. ಬೇಸಿಗೆಯಲ್ಲಿ ನಿಮ್ಮ ಯಜಮಾನ್ರಿಗೆ ಬಂದಿತ್ತಲ್ಲ, ಅದೇ ಜಾತಿ" ಅಂದ. ಆಗಲೂ ನನಗೆ ಹೊಳೆಯಲಿಲ್ಲ.

ಸಂಜೆ ಥರ್ಮಾಮೀಟರ್ ಹುಡುಕುತ್ತ ಇವರ ಶೇವಿಂಗ್ ಡಬ್ಬಿ ತೆರೆದೆ. ತಳದಲ್ಲೊಂದು ಕಾಗದದ ಪೊಟ್ಟಣ. ಒಳಗೆ ಅರ್ಧ ಕರಗಿ ಒಂದಕ್ಕೊಂದು ಅಂಟಿಕೊಂಡ ಮಾತ್ರೆಗಳು. ಆಗ ಇವರಿಗೆ ಜ್ವರ ಬಿಟ್ಟ ಮೇಲೂ ಲಿವರಿನಲ್ಲಿ ಅಡಗಿರುವ ರೋಗಾಣು ಸಾಯಲೆಂದು ಎರಡು ವಾರ ನನ್ನ ಕೈಯಾರೆ ಕೊಟ್ಟವು. ದಿನಾ ನನ್ನೆದುರೇ ಗಟಗಟ ನೀರು ಕುಡಿದಿದ್ದರು. ಪೊಟ್ಟಣ ಇವರ ಮುಂದೆ ಹಿಡಿದೆ.

"ಹೊಟ್ಟೆ ತೊಳಸ್ತಿತ್ತು ಕಣೇ. ಹೇಳಿದ್ರೆ ನೀನು ಬಿಡ್ತಿದ್ಯಾ?"

"ಹೋದ ತಿಂಗಳು ನಡುಕ ಬಂದಿದ್ದು?"

"ನೆಗಡಿ ಅಂದ್ಕೊಂಡೆ."

ಆಗ ಇವರನ್ನು ಕಚ್ಚಿದ ಸೊಳ್ಳೆಯೇ ಆಮೇಲೆ ಪಕ್ಕದಲ್ಲಿ ಮಲಗುವ ಮಗಳನ್ನೂ ಕಚ್ಚಿರಬೇಕು. ಸೊಳ್ಳೆಯನ್ನು ಬೈದು ಏನು ಬಂತು, ಅದರ ಹೊಟ್ಟೆಪಾಡು ಅದಕ್ಕೆ.

ವಾರ್ಡಿನಲ್ಲಿ ಮಾತ್ರೆ ನುಂಗಿದವರಿಗೆಲ್ಲ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುವುದು ನನ್ನ ಪದ್ಧತಿ. ಹಲ್ಲಿಲ್ಲದ ಮುದುಕರನ್ನೂ ಬಿಟ್ಟಿಲ್ಲ. ಮನೆಯಲ್ಲಿ ಮಾತ್ರ ನೋಡಿರಲಿಲ್ಲ. ಗಂಡ ಅಲ್ಲವೇ.

ಇವತ್ತು ಊಟವಾದ ಮೇಲೆ ಹೊಸ ಮಾತ್ರೆ ಕೊಟ್ಟೆ. ನುಂಗಿದರು.

"ನಾಲಿಗೆ ಎತ್ತಿ" ಅಂದೆ.

ಮುಖ ಸಣ್ಣದಾಯಿತು, ಆದರೂ ಎತ್ತಿದರು. ಏನೂ ಇರಲಿಲ್ಲ.

"ಈಗ ನಂಬಿಕೆ ಬಂತಾ?"

ಒಳಗಿಂದ ಟಾರ್ಚ್ ತಂದು ಇನ್ನೊಮ್ಮೆ ಬಾಯಿ ತೆರೆಸಿದೆ.